ಪರಪ್ಪನ ದಣಿವಿನ ಪ್ರಯೋಗ

ಬಿ.ಎ. ಮೊದಲ ವರ್ಷಕ್ಕೆ ನಾವು ಮನಃಶಾಸ್ತ್ರ ತೆಗೆದುಕೊಂಡದ್ದು ಎದುರಿಗಿದ್ದವರ ಮನಸ್ಸು ಓದಬಹುದೆಂಬ ಆಸೆಯಿಂದ. ಓದಲು ಸಿಕ್ಕಿದ್ದು ಕಪ್ಪೆಯ ನರ, ನಾಯಿಯ ಜೊಲ್ಲು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ನನ್ನ ಜೊತೆ ಓದುತ್ತಿದ್ದ ಪರಪ್ಪನಿಗೆ ಮಾತ್ರ ಸಿಟ್ಟಾಗಲೂ ಪುರುಸೊತ್ತಿರಲಿಲ್ಲ.

ಮೂವತ್ತು ದಾಟಿದ ಆಳು. ರಾತ್ರಿಯೆಲ್ಲ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿಗಳನ್ನು ಸಾಲು ಹಚ್ಚುವ ಕೆಲಸ, ಬೆಳಗಿನ ಬಸ್ಸು ಹಿಡಿದು ಬೈಲಹೊಂಗಲದ ಕಾಲೇಜು. ಹಿಂದಿನ ಬೆಂಚಿನಲ್ಲಿ ಕಣ್ಣು ತೆರೆದೇ ನಿದ್ದೆ ಮಾಡುವ ವಿದ್ಯೆ ಅವನಿಗೆ ಸಿದ್ಧಿಸಿತ್ತು. ಗುರುಗಳು 'ಅವಧಾನ'ದ ಪಾಠ ಮಾಡುವಾಗಲೇ ಗೊರಕೆ ಹೊಡೆದವನು ಅವನು.

"ಬಿ.ಎ. ಒಂದ ಆದ್ರ ಆಫೀಸಿನ್ಯಾಗ ಹಗಲಿನ ಕೆಲಸ ಸಿಗತೈತಿ. ರಾತ್ರಿ ಮನ್ಯಾಗ ಮಲ್ಕೋತೇನಿ. ನನಗ ಮತ್ತೇನೂ ಬ್ಯಾಡ" ಎನ್ನುತ್ತಿದ್ದ.

ಎಪ್ಪತ್ತಾರರ ಬೇಸಿಗೆಯಲ್ಲಿ ಪ್ರಯೋಗ ಪರೀಕ್ಷೆ ಬಂತು. ಅದರಲ್ಲಿ ಹೋದರೆ ವರ್ಷವೇ ಹೋದಂತೆ. ಪ್ರಯೋಗಕ್ಕೆ ಕೂರಿಸಲು ಮನಃಶಾಸ್ತ್ರದ ಗಂಧಗಾಳಿ ಇಲ್ಲದವರನ್ನು ನಾವೇ ಕರೆತರಬೇಕಿತ್ತು. ನಾನು ಸೋದರಮಾವನನ್ನು ಕರೆತಂದೆ. ಪರಪ್ಪ ಹೆಂಡತಿ ಶೆಟ್ಟೆವ್ವನನ್ನು ತಂದ. ಕಬ್ಬು ಕಡಿಯುವ ಗ್ಯಾಂಗಿನವಳು. ಒಂದು ದಿನದ ಕೂಲಿ ಬಿಟ್ಟು, ಕೈಮಗ್ಗದ ಹೊಸ ಸೀರೆ ಉಟ್ಟು ಬಂದಿದ್ದಳು.

ಪರಪ್ಪನ ಪಾಲಿಗೆ ಬಂದದ್ದು ದಣಿವು ಅಳೆಯುವ ಯಂತ್ರ. ಬೆರಳಿಗೆ ಉಂಗುರ, ಉಂಗುರಕ್ಕೆ ದಾರ, ದಾರದ ತುದಿಗೆ ತೂಕದ ಕಲ್ಲು. ಬೆರಳು ಮಡಚಿದಾಗೆಲ್ಲ ಕಲ್ಲು ಏರುತ್ತದೆ, ಕಾಗದದ ಮೇಲೆ ಗೆರೆ ಮೂಡುತ್ತದೆ. ದಣಿದಂತೆ ಗೆರೆ ಗಿಡ್ಡಾಗುತ್ತ ಹೋಗುತ್ತದೆ; ಸಾಕೆನಿಸಿದಾಗ ಕೂತವರು ತಾವಾಗಿಯೇ ನಿಲ್ಲಿಸಬೇಕು. ಒಮ್ಮೆ ಶುರುವಾದ ಮೇಲೆ ಪ್ರಯೋಗ ಮಾಡಿಸುವವನು ತುಟಿ ಬಿಚ್ಚುವಂತಿಲ್ಲ.

ದಣಿದಾಗ ನಿಲ್ಲಿಸು ಎಂದಷ್ಟೇ ಪರಪ್ಪ ಮೊದಲಿಗೆ ಹೇಳಿದ. ಶೆಟ್ಟೆವ್ವ ಎತ್ತತೊಡಗಿದಳು. ಪಕ್ಕದ ಮೇಜಿನಲ್ಲಿ ನನ್ನ ಪ್ರಯೋಗಕ್ಕೆ ಕೂತ ಮಾವ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಚಿತ್ರ ತೀಡಿ, ಬೈದು, ಮುಗಿಸಿ ಹೊರಗೆ ಬೀಡಿ ಸೇದಲು ಹೋದ. ಶೆಟ್ಟೆವ್ವ ಎತ್ತುತ್ತಲೇ ಇದ್ದಳು. ಗೆರೆಗಳು ಗಿಡ್ಡಾಗಿ, ಚುಕ್ಕೆಗಳಾದವು. ಹಣೆಯ ಬೆವರು ಸೀರೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಕಲ್ಲು ಏಳಲೊಲ್ಲದು, ಬೆರಳು ಬಿಡಲೊಲ್ಲದು.

"ದಣಿವಾತೇನವ್ವಾ?" ಎಂದು ಧಾರವಾಡದಿಂದ ಬಂದಿದ್ದ ಪರೀಕ್ಷಕರು ಕೇಳಿದರು.

"ಇಲ್ರಿ" ಎಂದಳು, ಗಂಡನ ಮುಖ ನೋಡುತ್ತ.

ಆಗ ನನಗೆ ಹೊಳೆಯಿತು. ಗ್ಯಾಂಗಿನಲ್ಲಿ ಮೇಸ್ತ್ರಿ ಮುಕಾದಮ 'ಸಾಕು' ಅನ್ನುವ ಮೊದಲು ಯಾರೂ ಕುಡುಗೋಲು ಕೆಳಗಿಡುವುದಿಲ್ಲ. ತಾವಾಗಿ ನಿಂತವರಿಗೆ ಮರುದಿನ ಕೆಲಸವಿಲ್ಲ. ಇವಳು ಅಪ್ಪಣೆಗಾಗಿ ಕಾಯುತ್ತಿದ್ದಾಳೆ. ಪರಪ್ಪನಿಗೂ ಹೊಳೆದಿರಬೇಕು; ಕುರ್ಚಿಯಿಂದ ಅರ್ಧ ಎದ್ದಿದ್ದ. ಪರೀಕ್ಷಕರು ಅವನನ್ನೇ ದಿಟ್ಟಿಸುತ್ತಿದ್ದರು. ಎಂಥ ಶಾಸ್ತ್ರವಪ್ಪ ಇದು ಎಂದು ನನ್ನ ಮೈ ಉರಿಯಿತು.

"ಸಾಕು, ಬಿಡು" ಎಂದ ಪರಪ್ಪ.

ಶೆಟ್ಟೆವ್ವ ಥಟ್ಟನೆ ಬೆರಳು ಬಿಚ್ಚಿದಳು. ಕಲ್ಲು ಧೊಪ್ಪನೆ ಬಿತ್ತು.

"ನೀವು ಬಾಯಿ ಹಾಕಿದ್ರಿ. ಪ್ರಯೋಗ ಕೆಟ್ಟುಹೋತು" ಎಂದು ಪರೀಕ್ಷಕರು ಶಾಂತವಾಗಿಯೇ ಹೇಳಿ ಮುಂದಿನ ಮೇಜಿಗೆ ನಡೆದರು. ಪರಪ್ಪನಿಗೆ ಇನ್ನೊಂದು ವರ್ಷ ರಾತ್ರಿ ಪಾಳಿ, ಬೆಳಗಿನ ಬಸ್ಸು.

ಹೊರಗೆ ಜಗಲಿಯ ಮೇಲೆ ಗಂಡ ಹೆಂಡತಿಯ ಜೊತೆ ನಾನೂ ಕೂತೆ. ಶೆಟ್ಟೆವ್ವನ ಬೆರಳು ಬಾತು ಕೆಂಪಾಗಿತ್ತು.

"ಇಷ್ಟ್ಯಾಕ ತಡಾ ಮಾಡಿದ್ರಿ? ಸಾಕಂತೀರಂತ ಕಾದೆ, ಕಾದೆ" ಎಂದಳು.

"ಅಲ್ಲೆ ನಾ ಮಾತಾಡೂವಂಗ ಇರಲಿಲ್ಲ, ಶೆಟ್ಟೆವ್ವಾ. ಕಾಯ್ದೆ ಹಂಗೈತಿ."

ಅವಳು ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ಮನ್ಯಾಗೂ ಒಮ್ಮೆನೂ ಸಾಕಂದಿಲ್ಲ. ಅಲ್ಲೆ ಯಾ ಕಾಯ್ದೆ ಇತ್ರಿ?" ಎಂದಳು.