ಗುಲಗಂಜಿ ಹುಳುವಿನ ಮರಿಗಳು

ಬಸಿರಿಗೆ ಏಳು ತಿಂಗಳಾದಾಗ ಕೆ.ಆರ್. ನಗರದ ಗಂಡನ ಮನೆಯಿಂದ ಪಿರಿಯಾಪಟ್ಟಣದ ಹತ್ತಿರದ ನಮ್ಮ ಹಳ್ಳಿಗೆ ಬಂದೆ. ಅವ್ವ ಒಂದು ಕೆಲಸವನ್ನೂ ಮುಟ್ಟಲು ಬಿಡಲಿಲ್ಲ. ಕೂತರೆ ಕೂತೇ ಇರಬೇಕು, ಎದ್ದರೆ ಹಿಂದಿನಿಂದ "ಮೆಲ್ಲಗೆ ಕಣವ್ವಾ" ಅನ್ನುವ ದನಿ. ಬೇಸರ ಕಳೆಯಲು ಫೋನಿಗೆ ಒಂದು ಆ್ಯಪ್ ಹಾಕಿಕೊಂಡೆ. ಹುಳುವಿನದೋ ಚಿಟ್ಟೆಯದೋ ಫೋಟೋ ಹಾಕಿದರೆ ಅದು ಯಾವುದೆಂದು ಹೇಳುತ್ತದೆ, ಎಲ್ಲೋ ಇರುವ ಬಲ್ಲವರು ನೋಡಿ ಹೌದು, ಅಲ್ಲ ಅನ್ನುತ್ತಾರೆ. ಎರಡೇ ದಿನದಲ್ಲಿ ಹಿತ್ತಲಿನ ಮಿಡತೆ, ಬಚ್ಚಲ ಗೋಡೆಯ ಕಣಜ ಯಾವುದನ್ನೂ ನಾನು ಬಿಟ್ಟಿರಲಿಲ್ಲ.

ಆಗ ನನಗಿದ್ದ ಬಯಕೆ ಒಂದೇ, ಹಿತಕಬೇಳೆ ಸಾರು. ಸಂತೆಯ ಅವರೆಕಾಯಿ ಬೇಡ, ಅವ್ವನ ಹಿತ್ತಲ ಚಪ್ಪರದ್ದೇ ಆಗಬೇಕು ಎಂದು ಹಟ ಹಿಡಿದಿದ್ದೆ. ಬಳ್ಳಿಗೋ ಹೂ ಬಿಡುವ ಹೊತ್ತಿಗೆ ಸರಿಯಾಗಿ ಕುಡಿಯ ರಸ ಹೀರುವ ಕರಿಹೇನು ಹತ್ತಿತ್ತು. ಕುಡಿಗಳೆಲ್ಲ ಕಪ್ಪಾಗಿ ಹೂ ಉದುರುತ್ತಿತ್ತು. ಆ ಹೇನುಗಳ ನಡುವೆ ಮೈಯೆಲ್ಲ ಮುಳ್ಳುಮುಳ್ಳಾದ, ಬೆನ್ನ ಮೇಲೆ ಕಿತ್ತಳೆ ಮಚ್ಚೆಯ ಕರಿ ಹುಳುಗಳು ಓಡಾಡುತ್ತಿದ್ದವು. ಅವ್ವನದು ಇಪ್ಪತ್ತು ವರ್ಷ ಹೊಗೆಸೊಪ್ಪಿನ ಹೊಲಗಳಲ್ಲಿ ಹುಳು ಆಯ್ದ ಕೈ. ಎಲೆ ತಿರುಗಿಸಿದ್ದು ನಮಗೆ ಕಾಣುವುದರೊಳಗೆ ಹುಳು ಅವಳ ಬೆರಳ ನಡುವೆ ಇರುತ್ತದೆ. ಬೆಳಗಾದರೆ ಚೊಂಬಿನಲ್ಲಿ ಸೋಪಿನ ನೀರು ಹಿಡಿದು ಚಪ್ಪರದಡಿ ನಿಂತು, ಬಳ್ಳಿ ತಿನ್ನುತ್ತವೆಂದು ಆ ಹುಳುಗಳನ್ನೆಲ್ಲ ಆಯ್ದು ಮುಳುಗಿಸುತ್ತಿದ್ದಳು. ಎಷ್ಟು ಆಯ್ದರೂ ಹೇನು ಮಾತ್ರ ಹೆಚ್ಚುತ್ತಲೇ ಇತ್ತು.

ಒಂದು ಬೆಳಿಗ್ಗೆ ಅವಳ ಅಂಗೈ ಮೇಲಿದ್ದ ಹುಳುವಿನ ಫೋಟೋ ತೆಗೆದೆ. ಆ್ಯಪ್ ಯೋಚನೆ ಮಾಡಿ, ಇದು ಮನುಷ್ಯ ಎಂದು ತೋರಿಸಿತು.

"ಅದು ನಾನೇ ಕಣವ್ವಾ," ಅಂದಳು ಅವ್ವ. "ಸರ್ಯಾಗೇ ಯೋಳೈತೆ."

ನಗು ತಡೆದುಕೊಂಡು, ಹುಳುವನ್ನು ಎಲೆಯ ಮೇಲೆ ಬಿಡಿಸಿ ಹತ್ತಿರದಿಂದ ಮತ್ತೆ ತೆಗೆದೆ. ಈ ಸಲ ಬಂದ ಉತ್ತರ ನೋಡಿ ನಗು ನಿಂತಿತು. ಅದು ಗುಲಗಂಜಿ ಹುಳುವಿನ ಮರಿ. ಕೆಂಪು ಬೆನ್ನಿಗೆ ಕರಿ ಚುಕ್ಕೆಯ, ಚಿಕ್ಕವರಿದ್ದಾಗ ನಾವು ಬೆರಳ ತುದಿಗೆ ಹತ್ತಿಸಿಕೊಂಡು ಹಾರಿಬಿಡುತ್ತಿದ್ದ ಅದೇ ಹುಳು. ದೊಡ್ಡದಾಗಲಿ ಮರಿಯಾಗಲಿ, ತಿನ್ನುವುದು ಬಳ್ಳಿಯನ್ನಲ್ಲ, ಹೇನನ್ನು.

"ಈ ಮುಸುಡಿ ಗುಲಗಂಜೀದಾ? ಸುಮ್ಕಿರು," ಅಂದಳು ಅವ್ವ. "ನಿನ್ ಫೋನು ಒಂದ್ ದಿನನಾದ್ರೂ ಹುಳ ಆಯ್ದೈತಾ?"

ಹಾಗೆಂದರೂ ಒಳಗೊಳಗೇ ಅನುಮಾನ ಹತ್ತಿರಬೇಕು. ಉಪ್ಪಿನಕಾಯಿ ಬಾಟಲಿ ತೊಳೆದು ಒರೆಸಿ, ಹೇನು ಮುತ್ತಿದ ಒಂದು ಕುಡಿ, ನಾಲ್ಕು ಹುಳು ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಕಿಟಕಿಯಲ್ಲಿಟ್ಟಳು. ಮಾರನೆಯ ದಿನ ನೋಡಿದರೆ ಕುಡಿ ಹಸಿರಾಗಿತ್ತು. ಅವ್ವ ಇನ್ನೊಂದು ಕುಡಿ ಹಾಕಿದಳು, ಚಪ್ಪರದಲ್ಲಿ ಆಯುವುದನ್ನೂ ಅಂದೇ ನಿಲ್ಲಿಸಿದಳು. ಕೆಲವು ದಿನಕ್ಕೆ ಹುಳುಗಳು ಬಾಟಲಿಗೆ ಅಂಟಿ ಗಂಟಾಗಿ ಕೂತವು. ಆಮೇಲೊಂದು ಬೆಳಿಗ್ಗೆ ಗಂಟು ಬಿರಿದು ಮಾಸಲು ಹಳದಿಯ ಮೆತ್ತನೆಯ ಜೀವವೊಂದು ಹೊರಬಂತು. ನಾವಿಬ್ಬರೂ ನೋಡುತ್ತ ಕೂತ ಹಾಗೇ ಅದರ ಬೆನ್ನಿಗೆ ಬಣ್ಣ ಏರಿತು, ಚುಕ್ಕೆ ಮೂಡಿತು. ಒಲೆಯ ಮೇಲಿನ ರೊಟ್ಟಿ ಸೀದೇ ಹೋಯಿತು. ನನಗೆ ಕುಣಿಯುವಷ್ಟು ಖುಷಿ, ಆದರೆ ಕುಣಿಯುವ ಹಾಗಿರಲಿಲ್ಲ.

ಅವ್ವ ಮಾತ್ರ ಮಂಕಾದಳು. ಮನೆಯಲ್ಲಿ ಬಸುರಿ ಇದ್ದಾಗ ನಮ್ಮಲ್ಲಿ ಜೀವ ತೆಗೆಯುವುದಿಲ್ಲ, ಹಾವು ಬಂದರೂ ಓಡಿಸುತ್ತಾರೆಯೇ ಹೊರತು ಹೊಡೆಯುವುದಿಲ್ಲ. ಬೆಳೆ ತಿನ್ನುವ ಹುಳು ಆ ಮಾತಿಗೆ ಸೇರುವುದಿಲ್ಲ, ಅಷ್ಟೆ.

"ಇವು ಬಳ್ಳಿ ಕಾಯಕ್ ಬಂದಿದ್ವು," ಅಂದಳು. "ಚೊಂಬ್‌ಗಟ್ಲೆ ಮುಳುಗಿಸ್ಬುಟ್ನಲ್ಲ." ನನ್ನ ಹೊಟ್ಟೆಯ ಕಡೆ ನೋಡಿ ಮುಖ ತಿರುಗಿಸಿಕೊಂಡಳು. ನನಗೋಸ್ಕರ ತಾನೇ ನೀನು ಮಾಡಿದ್ದು ಎಂದು ನಾನು ಸಮಾಧಾನ ಹೇಳಿದರೆ ಇನ್ನಷ್ಟು ಸಂಕಟಪಟ್ಟಳು.

ಮಾರನೆಯ ದಿನ ಬುಟ್ಟಿ ಹಿಡಿದು ಬೀದಿಗೆ ಹೊರಟಳು. ಅವರೆ ಚಪ್ಪರವಿದ್ದ ಮನೆಗಳಲ್ಲೆಲ್ಲ ಅದೇ ಸೋಪಿನ ಚೊಂಬು. "ಮುಳುಗಿಸ್ಬ್ಯಾಡ್ರಿ, ನಂಗ್ ಕೊಡ್ರಿ," ಎಂದು ಎಲೆಸಮೇತ ಹುಳು ಈಸಿಕೊಂಡು ಬಂದು ನಮ್ಮ ಬಳ್ಳಿಗೆ ಬಿಟ್ಟಳು. ಅವರ ಬಳ್ಳಿಗೂ ಬೇಕಲ್ಲ ಅನ್ನುವುದು ಮೊದಲ ದಿನ ಅವಳಿಗೆ ಹೊಳೆಯಲೇ ಇಲ್ಲ. "ಮಗಳಿಗೆ ಹುಳಿನ್ ಬಯಕೆನಾ?" ಎಂದು ನಕ್ಕವರನ್ನು ಬಾಟಲಿ ನೋಡಲು ಮನೆಗೇ ಎಳೆದುಕೊಂಡು ಬಂದಳು. ಆಮೇಲೆ ನನ್ನ ಫೋನಿಗೆ ಬಿಡುವಿಲ್ಲ. ಬೆಂಕಿಪೊಟ್ಟಣದಲ್ಲಿ, ಸೆರಗಿನ ತುದಿಯಲ್ಲಿ ಏನೇನೋ ಹಿಡಿದು ತಂದು ಇದ್ಯಾವುದು ಹೇಳು ಅನ್ನುತ್ತಿದ್ದರು. ಒಬ್ಬಾಕೆ ಬೇಕಂತಲೇ ತಂದ ಹುಣಸೆ ನಾರನ್ನು ಆ್ಯಪ್ ಕಂಬಳಿಹುಳು ಅಂತು, ಬೀದಿಯೆಲ್ಲ ನಕ್ಕಿತು.

ಬಳ್ಳಿಯ ಹೇನು ಕಳೆಯಿತು, ಹೂ ಉದುರದೆ ನಿಂತಿತು, ನನಗೆ ಎಂಟು ತುಂಬುವ ಹೊತ್ತಿಗೆ ಕಾಯಿ ಬಲಿತವು. ಸಾರು ಮಾಡಿದ ದಿನ ಅವ್ವ ತಟ್ಟೆಗೆ ಮುದ್ದೆ ಇಟ್ಟು ಎದುರಿಗೇ ಕೂತಳು. ಎರಡನೆಯ ತುತ್ತಿಗೆ ಮಗು ಜೋರಾಗಿ ಒದ್ದಿತು. ಹೇಳಿದೆ. ಅವ್ವ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ನನ್ನ ಹೊಟ್ಟೆಯ ಮೇಲೆ ಇಟ್ಟಳು. ಇನ್ನೊಂದು ಸಲ ಒದೆಯುವವರೆಗೂ ತೆಗೆಯಲಿಲ್ಲ.

"ಮಗೀಗೆ ನನ್ ಮ್ಯಾಲೆ ಕ್ವಾಪ ಇಲ್ಲ ಕಣವ್ವಾ," ಅಂದಳು.