ಗಂಟು ಬಿಚ್ಚದ ಆಣೆಗಳು

ರೂಪಾಯಿಗೆ ಹದಿನಾರಾಣೆ ಇದ್ದಾಗ ಲೆಕ್ಕ ಕಲಿಯಲು ಕುಳಿತು, ರೂಪಾಯಿಗೆ ನೂರು ಪೈಸೆ ಆದಾಗ ಕಲಿತದ್ದನ್ನು ಅಳಿಸಿ ಮತ್ತೆ ಬರೆದವರು ನಾವು. ಒಂದು ಬೇಸಗೆ ರಜೆಯ ಆಚೆ ಬದಿಗೆ ಒಂದು ಲೆಕ್ಕ, ಈಚೆ ಬದಿಗೆ ಇನ್ನೊಂದು. ಸ್ಲೇಟು ಅದೇ, ಮಾಸ್ಟ್ರೂ ಅವರೇ. ನನ್ನ ವಯಸ್ಸಿನ ಓದುಗರಿಗೆ ಆ ಗಲಿಬಿಲಿ ನೆನಪಿರಬಹುದು. ನಮ್ಮ ಮನೆಯಲ್ಲಿ ಅದರಿಂದ ನಡೆದ ಒಂದು ಸಂಗತಿಯನ್ನು, ನಾನು ಕಣ್ಣಾರೆ ಕಂಡಷ್ಟನ್ನು ಮಾತ್ರ, ಇಲ್ಲಿ ಬರೆಯುತ್ತೇನೆ.

ನಮ್ಮ ಮನೆ ಕಾಪುವಿನಲ್ಲಿ, ಕಡಲ ದಂಡೆಗೆ ಹತ್ತಿರ. ಜಗಲಿಯಲ್ಲಿ ಕುಳಿತರೆ ದೀಪಸ್ತಂಭದ ತಲೆ ಕಾಣುತ್ತಿತ್ತು. ಮನೆಯಲ್ಲಿ ನಾವು ಹೆಂಗಸರು ನಾಲ್ವರು: ಅಜ್ಜಿ, ಅಮ್ಮ, ಅಜ್ಜಿಯ ಮಗ ಸೇಸಪ್ಪ ಮಾಮನ ಹೆಂಡತಿ ಗಿರಿಜಾ ಮಾಮಿ, ಮತ್ತು ನಾಲ್ಕನೇ ಕ್ಲಾಸಿನ ನಾನು. ಅಪ್ಪ ಬೊಂಬಾಯಿಯಲ್ಲಿ ಕೆಲಸಕ್ಕಿದ್ದ. ಅಮ್ಮ ಬೆಳಿಗ್ಗೆ ಮೀನಿನ ಬುಟ್ಟಿ ಹೊತ್ತು ಊರೊಳಗೆ ಹೋದರೆ ಬರುವಾಗ ಮಧ್ಯಾಹ್ನ ದಾಟುತ್ತಿತ್ತು. ಅವಳ ಸೆರಗಿನ ತುದಿಯ ಚಿಲ್ಲರೆಗೆ ಬಂಗುಡೆಯ ವಾಸನೆ ಇರುತ್ತಿತ್ತು. ನನಗೆ ಬಹಳ ಕಾಲ ದುಡ್ಡಿನ ವಾಸನೆಯೇ ಅದು ಎಂದು ನಂಬಿಕೆ.

ಹಳೆಯ ಲೆಕ್ಕ ನನಗೆ ಇಷ್ಟವಾಗಿತ್ತು. ಮೂರು ಕಾಸಿನ ತಾಮ್ರದ ಬಿಲ್ಲೆಗೆ ನಮ್ಮಲ್ಲಿ ಮುಕ್ಕಾಲು ಎನ್ನುತ್ತಿದ್ದರು. ನಡುವೆ ತೂತು ಇದ್ದರೆ ಅದು ಒಟ್ಟೆ ಮುಕ್ಕಾಲು. ನಾಲ್ಕು ಮುಕ್ಕಾಲಿಗೆ ಒಂದಾಣೆ, ನಾಲ್ಕಾಣೆಗೆ ಒಂದು ಪಾವಲಿ, ನಾಲ್ಕು ಪಾವಲಿಗೆ ರೂಪಾಯಿ. ಎಲ್ಲಿ ಮುಟ್ಟಿದರೂ ನಾಲ್ಕು. ಅರ್ಧ ಮಾಡುತ್ತ ಹೋದರೆ ಎಲ್ಲಿಯೂ ತೊಡಕಿಲ್ಲ. ಕುದುರೆಯ ಚಿತ್ರವಿದ್ದ ಮುಕ್ಕಾಲನ್ನು ಮೇಲಕ್ಕೆ ಹಾರಿಸಿ, ಕುದುರೆ ಬಿತ್ತೋ ಸಿಂಹ ಬಿತ್ತೋ ಎಂದು ನಾವು ಮಕ್ಕಳು ಕಡಲ ದಂಡೆಯ ಹೊಯಿಗೆಯಲ್ಲಿ ಆಡುತ್ತಿದ್ದೆವು.

೧೯೫೭ರ ಏಪ್ರಿಲಿನಲ್ಲಿ ಹೊಸ ನಾಣ್ಯ ಬಂತು. ನಮ್ಮ ಮನೆಗೆ ಮೊದಲ ನಯಾಪೈಸೆ ತಂದವಳು ಅಮ್ಮ. ಕೆಂಪಗೆ ಹೊಳೆಯುವ ಸಣ್ಣ ಬಿಲ್ಲೆ. ಅಜ್ಜಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದಳು.

“ಇದೆಂತ, ಅಂಗಿಗೆ ಹೊಲಿಯುವ ಗುಬ್ಬಿಯಾ? ನೂಲು ಹಾಕುವ ತೂತೆಲ್ಲಿ?”

“ಸರಕಾರದ್ದು ಅಮ್ಮಾ, ಇನ್ನು ಇದೇ ನಡೆಯುವುದಂತೆ” ಎಂದಳು ಅಮ್ಮ.

“ನಡೆಯುವುದು ಹಾಗಿರಲಿ, ಕೈಯಿಂದ ಬಿದ್ದರೆ ಹುಡುಕುವುದು ಯಾರು?”

ಪೇಟೆಯಲ್ಲಿ ಅಂತೋನಿ ಪೊರ್ಬುಗಳ ದಿನಸಿ ಅಂಗಡಿ ಇತ್ತು. ಅವರು ಬಾಗಿಲ ದಾರಂದಕ್ಕೆ ಒಂದು ಕಾಗದ ಅಂಟಿಸಿದರು: ಒಂದಾಣೆಗೆ ಆರು ನಯಾಪೈಸೆ, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು, ನಾಲ್ಕಾಣೆಗೆ ಇಪ್ಪತ್ತೈದು. ನಾನು ಅದರ ಮುಂದೆ ನಿಂತು ಬೆರಳು ಮಡಚಿದೆ. ಆರರ ಮಗ್ಗಿಯಲ್ಲಿ ಮೂರಕ್ಕೆ ಹದಿನೆಂಟು, ನಾಲ್ಕಕ್ಕೆ ಇಪ್ಪತ್ತನಾಲ್ಕು. ಕಾಗದದಲ್ಲಿ ಒಂದು ಹೆಚ್ಚು ಇತ್ತು.

“ಪೊರ್ಬುಗಳೇ, ನಾಲ್ಕಾಣೆಯನ್ನು ಒಂದೊಂದೇ ಆಣೆಯಾಗಿ ಕೊಟ್ಟರೆ ಒಂದು ಪೈಸೆ ಎಲ್ಲಿಗೆ ಹೋಗುತ್ತದೆ?”

“ದಿಲ್ಲಿಗೆ ಹೋಗುತ್ತದೆ. ಹೋಗಿ ಕೇಳಿಕೊಂಡು ಬಾ. ಬರುವಾಗ ನನ್ನದೂ ಎರಡು ಪೈಸೆ ಅಲ್ಲಿ ಉಂಟು, ತೆಗೆದುಕೊಂಡು ಬಾ” ಎಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು.

ನಗದೆ ಇದ್ದವಳು ನನ್ನ ಜೊತೆ ಬಂದಿದ್ದ ಅಜ್ಜಿ. ದಾರಿಯಲ್ಲಿ ಕೇಳಿದಳು: “ಆಣೆ ನಿಲ್ಲುತ್ತದೆ ಎಂದರೆ, ಕಟ್ಟಿಟ್ಟ ಆಣೆಯೂ ನಿಲ್ಲುತ್ತದಾ?”

ಅವಳು ಕೇಳಿದ್ದು ಏಕೆಂದು ನನಗೆ ಗೊತ್ತಿತ್ತು.

ಅದರ ಹಿಂದಿನ ವರ್ಷ, ಮಳೆಗಾಲ ಮುಗಿದು ದೋಣಿಗಳು ಮತ್ತೆ ಕಡಲಿಗೆ ಇಳಿದ ವಾರ, ಸೇಸಪ್ಪ ಮಾಮನೂ ಇನ್ನಿಬ್ಬರೂ ಹೋದ ದೋಣಿ ಮಗುಚಿತ್ತು. ಆ ಇಬ್ಬರ ದೇಹ ದಡಕ್ಕೆ ಬಂತು. ಮಾಮನದು ಬರಲಿಲ್ಲ. ಬಂದಿಲ್ಲವಾದ್ದರಿಂದ ಅವನು ಸತ್ತಿಲ್ಲ ಎಂದು ಅಜ್ಜಿ ಹೇಳಿದಳು. ಬೇರೆ ಊರಿನ ದೋಣಿಯವರು ಎತ್ತಿಕೊಂಡಿರಬಹುದು, ಗೋವೆಯ ಕಡೆ ಇಳಿಸಿರಬಹುದು. ತಿರುಪತಿಯ ತಿಮ್ಮಪ್ಪನಿಗೆ ಮುಡಿಪು ಕಟ್ಟಿದಳು. ಮುಡಿಪು ಎಂದರೆ ಹರಕೆಯ ಹಣ. ಕಟ್ಟಿಟ್ಟ ಮೇಲೆ ಹರಕೆ ಕೈಗೂಡುವವರೆಗೆ ಯಾರೂ ಬಿಚ್ಚಬಾರದು. ಬೇರೆಯವರು ಹಳದಿ ಬಟ್ಟೆಯ ತುಂಡಿನಲ್ಲಿ ಒಮ್ಮೆ ಕಟ್ಟಿ ಸುಮ್ಮನಾಗುತ್ತಾರೆ. ಅಜ್ಜಿ ಮಾಮನದೇ ಬೈರಾಸನ್ನು, ಅವನು ಹೆಗಲಿಗೆ ಹಾಕುತ್ತಿದ್ದ ಆ ತುಂಡುಬಟ್ಟೆಯನ್ನು, ಅರಸಿನದ ನೀರಿನಲ್ಲಿ ಅದ್ದಿ ಒಣಗಿಸಿದಳು. ಶನಿವಾರಕ್ಕೆ ಒಂದಾಣೆ, ಆಣೆಗೊಂದು ಗಂಟು. ಬಲೆ ಕಟ್ಟುವವರ ಬಿಗಿ ಗಂಟು. ದೇವರ ಕೋಣೆಯ ಜಂತಿಗೆ ಅದು ನೇತಾಡುತ್ತಿತ್ತು. ವಾರ ಕಳೆದ ಹಾಗೆ ಭಾರವಾಗಿ ಕೆಳಕ್ಕೆ ಜಗ್ಗುತ್ತಿತ್ತು.

“ಕಟ್ಟಿದ್ದು ನಾನು. ಬಿಚ್ಚುವುದು ಅವನೇ” ಎನ್ನುತ್ತಿದ್ದಳು.

ಗಿರಿಜಾ ಮಾಮಿಗೆ ಆಗ ಇಪ್ಪತ್ತೆರಡೋ ಇಪ್ಪತ್ತಮೂರೋ. ಮಕ್ಕಳಾಗಿರಲಿಲ್ಲ. ಅವಳ ತಾಯಿಮನೆ ಪಡುಬಿದ್ರಿ. ಅಲ್ಲಿಂದ ಅವಳ ಅಣ್ಣ ಎರಡು ಸಲ ಬಂದ. ಎರಡನೆಯ ಸಲ ಜಗಲಿಯಲ್ಲಿ ಕುಳಿತು, ತಲೆ ಎತ್ತದೆ ಹೇಳಿದ: “ಅಬ್ಬೆ, ಬೊಜ್ಜ ಒಂದು ಮಾಡಿ ಮುಗಿಸಿ. ತಂಗಿಯನ್ನು ಕರೆದುಕೊಂಡು ಹೋಗುತ್ತೇನೆ. ಕೇಳುವವರು ಇದ್ದಾರೆ.” ಬೊಜ್ಜ ಎಂದರೆ ಸತ್ತವರ ಉತ್ತರಕ್ರಿಯೆ. ಅದಾದರೆ ಹೆಣ್ಣಿಗೆ ಎರಡನೇ ಮದುವೆ ನಮ್ಮವರಲ್ಲಿ ಉಂಟು. ಆಗದಿದ್ದರೆ ಅವಳು ಅತ್ತಲೂ ಇಲ್ಲ, ಇತ್ತಲೂ ಇಲ್ಲ.

ಅಜ್ಜಿ ಒಳಗೆ ಕೈ ತೋರಿಸಿದಳು. “ಗಂಟು ಬಿಚ್ಚುವವನು ಬರಲಿ. ಅವನನ್ನೇ ಕೇಳು.”

ಮಾಮಿ ಅಡಿಗೆಮನೆಯಲ್ಲಿ ಮಸಾಲೆ ಅರೆಯುತ್ತಿದ್ದಳು. ಕಲ್ಲಿನ ಸದ್ದು ಒಮ್ಮೆ ನಿಂತು ಮತ್ತೆ ಶುರುವಾಯಿತು.

ಆಣೆಯ ಸುದ್ದಿ ಬಂದ ಮೇಲೆ ಅಜ್ಜಿಗೆ ನಿದ್ದೆ ಕೆಟ್ಟಿತು. ನಡೆಯದ ದುಡ್ಡನ್ನು ತಿಮ್ಮಪ್ಪನಿಗೆ ಕೊಟ್ಟರೆ ಹರಕೆ ಸುಳ್ಳಾಗುತ್ತದೆ; ಹರಕೆ ಸುಳ್ಳಾದರೆ ಏಟು ಬೀಳುವುದು ಮಗನಿಗೆ. ಬಿಚ್ಚಿ ಬದಲಾಯಿಸಿದರೆ ಆಗಲೂ ಹರಕೆ ಮುರಿಯಿತು. ಎರಡು ದಿನ ಯೋಚಿಸಿ ಅವಳೊಂದು ದಾರಿ ಕಂಡುಕೊಂಡಳು. ಉಡುಪಿಯ ಖಜಾನೆ ಕಚೇರಿಯಲ್ಲಿ ಹಳೆಯದಕ್ಕೆ ಹೊಸದು ಕೊಡುತ್ತಾರಂತೆ. ಗಂಟುಗಳನ್ನು ಹಾಗೆಯೇ ಕೊಂಡುಹೋಗಿ ತೋರಿಸುವುದು. ಇವು ಇಷ್ಟು, ಇವನ್ನು ಬಿಚ್ಚುವಾಗ ಹೊಸ ದುಡ್ಡು ಕೊಡಬೇಕು ಎಂದು ಮೊದಲೇ ಹೇಳಿಸಿಕೊಂಡು ಬರುವುದು.

ಮಾಮಿ ಐದನೇ ಕ್ಲಾಸಿನವರೆಗೆ ಓದಿದ್ದಳು. ಕನ್ನಡ ಮಾತಾಡಲು ಅವಳು ಬೇಕು. ಮನೆಯಲ್ಲಿ ನಮ್ಮದು ತುಳು. ಅಜ್ಜಿ ಕನ್ನಡ ಆಡಿದ್ದನ್ನು ನಾನು ಕೇಳಿರಲಿಲ್ಲ. ಅರ್ಥವಾಗುತ್ತಿತ್ತೋ ಇಲ್ಲವೋ ಅದೂ ತಿಳಿಯದು. ನನ್ನನ್ನು ಕರೆದುಕೊಂಡದ್ದು ಲೆಕ್ಕಕ್ಕೆ.

ಬಸ್ಸಿನಲ್ಲಿ ಅಜ್ಜಿ ಬೈರಾಸನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು.

ಖಜಾನೆಯ ಕಿಟಕಿಯ ಮುಂದೆ ಸಾಲು ಇತ್ತು. ಅಂಗಡಿಯವರು, ಬಸ್ಸಿನವರು, ಡಬ್ಬಿ ಹಿಡಿದ ಹೆಂಗಸರು. ಎದುರಿನ ಹೋಟೆಲಿನಿಂದ ಗೋಳಿಬಜೆ ಕರಿಯುವ ವಾಸನೆ ಬರುತ್ತಿತ್ತು. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಕಿಟಕಿಯ ಒಳಗಿದ್ದ ಗುಮಾಸ್ತರು ಘಟ್ಟದ ಮೇಲಿನವರು. ತುಳು ಬಾರದು.

ಅಜ್ಜಿ ಬೈರಾಸನ್ನು ಕಟ್ಟೆಯ ಮೇಲಿಟ್ಟಳು. ಮಾಮಿ ವಿಷಯ ಹೇಳಿದಳು.

ಗುಮಾಸ್ತರು ಒಂದು ಗಂಟನ್ನು ಬೆರಳಿನಿಂದ ಒತ್ತಿ ನೋಡಿದರು. “ಬಿಚ್ಚದೆ ಹೇಗಮ್ಮಾ ಎಣಿಸೋದು? ಒಳಗೆ ಆಣೆ ಇದೆಯೋ ಕಲ್ಲು ಇದೆಯೋ?”

ಮಾಮಿ ತುಳುವಿನಲ್ಲಿ ಹೇಳಿದಳು. ಅಜ್ಜಿಗೆ ಸಿಟ್ಟು ಬಂತು. “ಕಲ್ಲು ಕಟ್ಟಲು ನನಗೆ ಮರುಳಾ? ಮೂಸಿ ನೋಡಲು ಹೇಳು.”

ಅದನ್ನು ಮಾಮಿ ಹೇಳಲಿಲ್ಲ. ಗುಮಾಸ್ತರು ಕೆಟ್ಟವರಲ್ಲ. ಕನ್ನಡಕ ತೆಗೆದು ಸಮಾಧಾನದಿಂದ ಹೇಳಿದರು: “ಅಜ್ಜಿಗೆ ಹೇಳಿ, ಗಾಬರಿ ಬೇಡ. ಆಣೆ ಇವತ್ತೇ ನಿಲ್ಲೋದಿಲ್ಲ. ಎರಡೂ ಇನ್ನೂ ಕೆಲವು ಕಾಲ ಒಟ್ಟಿಗೆ ನಡೀತವೆ.”

ಮಾಮಿ ಹೇಳಿದಳು. ಅಜ್ಜಿಯ ಮುಖ ಅರಳಿತು. “ಅವನು ಬರುವವರೆಗೆ ನಡೆಯುತ್ತದಾ, ಕೇಳು.”

ಮಾಮಿ ಕೇಳಿದಳು.

“ಯಾರು?”

“ಇವರ ಮಗ.”

“ಯಾವಾಗ ಬರ್ತಾರೆ?”

ಮಾಮಿ ಅಜ್ಜಿಯ ಕಡೆ ತಿರುಗಿ ಅದನ್ನು ತುಳುವಿಗೆ ತಂದಳು. ಅಜ್ಜಿ, ಎಂದಿನ ಹಾಗೆಯೇ, “ಇವತ್ತಲ್ಲ ನಾಳೆ ಬರುತ್ತಾನೆಂದು ಹೇಳು” ಎಂದಳು.

ಮಾಮಿ ಕಿಟಕಿಯ ಸರಳನ್ನು ಹಿಡಿದುಕೊಂಡಳು. ಕನ್ನಡದಲ್ಲಿ, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ಒಂದೊಂದೇ ಶಬ್ದ ಬಿಡಿಸಿ ಹೇಳಿದಳು:

“ಅವರು ಬರುವುದಿಲ್ಲ ಸಾರ್. ಅವರು ಸಮುದ್ರದಲ್ಲಿ ತೀರಿಹೋಗಿದ್ದಾರೆ.”

ಅಷ್ಟು ತಿಂಗಳುಗಳಲ್ಲಿ ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡಿರಲಿಲ್ಲ. ಮನೆಮಾತಿನಲ್ಲಿ ಮಾಮಿಗೂ ಅದು ಬರುತ್ತಿರಲಿಲ್ಲವೇನೋ. ನಾನು ಅಜ್ಜಿಯ ಮುಖ ನೋಡಿದೆ. ಮಾಮಿ ಏನು ಹೇಳಿದಳೆಂದು ಅವಳು ಕೇಳುತ್ತಾಳೆಂದು ಕಾದೆ. ಅವಳು ಕೇಳಲಿಲ್ಲ. ಕೇಳದ್ದರಿಂದಲೇ ನನಗೆ ಗೊತ್ತಾಯಿತು.

ಹಿಂದಿನವನೊಬ್ಬ “ಬೇಗ ಆಗಲಿ ಮಾರಾಯ್ರೆ” ಎಂದ. ಗುಮಾಸ್ತರು ಅವನಿಗೆ ಕೈ ಅಡ್ಡ ಹಿಡಿದರು.

ಅಜ್ಜಿ ಬೈರಾಸನ್ನು ಎತ್ತಿ ಮಾಮಿಯ ಕೈಯಲ್ಲಿ ಇಟ್ಟಳು. “ಬಿಚ್ಚು” ಎಂದಳು.

ಕಚೇರಿಯ ಜಗಲಿಯಲ್ಲಿ ಕುಳಿತೆವು. ಉಪ್ಪುಗಾಳಿಗೆ ಗಂಟುಗಳು ಕಲ್ಲಾಗಿದ್ದವು. ಮಾಮಿಯ ಉಗುರು ಸೀಳಿ ರಕ್ತ ಬಂತು. ಅಜ್ಜಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎದ್ದುಹೋಗಿ ಹೋಟೆಲಿನಿಂದ ಒಂದು ಲೋಟ ನೀರು ಕೇಳಿ ತಂದು ಗಂಟುಗಳ ಮೇಲೆ ಹನಿಹನಿಯಾಗಿ ಸುರಿದಳು. “ಒಣಗಿದ್ದನ್ನು ಎಳೆಯಬಾರದು ಮಗಾ, ನೆನೆಸಬೇಕು” ಎಂದಳು. ಇಬ್ಬರೂ ಸೇರಿ ಬಿಚ್ಚಿದರು. ಅವರು ಅತ್ತರೋ ಇಲ್ಲವೋ ನಾನು ನೋಡಲಿಲ್ಲ. ಹಳದಿ ನೀರು ಮೆಟ್ಟಿಲಿನಿಂದ ಇಳಿಯುತ್ತಿತ್ತು, ಅದನ್ನು ನೋಡಿದೆ.

ಆಣೆಗಳು ಕಪ್ಪಾಗಿದ್ದವು. ಗುಮಾಸ್ತರು ಅವನ್ನು ನಾಲ್ಕು ನಾಲ್ಕಾಗಿ ಜೋಡಿಸಿದರು. ನಾನು ಸರಳಿನ ನಡುವೆ ಮೂಗು ತೂರಿಸಿದ್ದನ್ನು ಕಂಡು ಹೇಳಿದರು: “ಹೀಗೆ ನಾಲ್ಕು ಸೇರಿಸಿದರೆ ಇಪ್ಪತ್ತೈದೇ ಬರತ್ತೆ, ಒಂದು ಪೈಸೆಯೂ ಹೋಗೋದಿಲ್ಲ. ಬಿಡಿಯಾಗಿ ಕೊಟ್ಟವರಿಗೆ ಮಾತ್ರ ನಷ್ಟ.” ಪೊರ್ಬುಗಳಿಗೆ ಹೇಳಬೇಕೆಂದು ಆಗ ನೆನೆದೆ. ಹೇಳಲಿಲ್ಲ.

ಹೊಸ ದುಡ್ಡನ್ನು ಅಜ್ಜಿ ರಥಬೀದಿಯ ದೇವಸ್ಥಾನದ ಹುಂಡಿಗೆ ಸುರಿದಳು. “ತಿರುಪತಿಯದಲ್ವಾ ಅತ್ತೇ?” ಎಂದು ಮಾಮಿ ಕೇಳಿದಳು. “ದೇವರು ಒಬ್ಬನೇ. ಎಲ್ಲಿ ಕೊಟ್ಟರೂ ಅವನಿಗೇ” ಎಂದಳು ಅಜ್ಜಿ.

ಸಂಜೆಯ ಬಸ್ಸು. ಉಡುಪಿಯಿಂದ ಹೊರಟ ಆ ಬಸ್ಸು ಕಾಪು ದಾಟಿ ಪಡುಬಿದ್ರಿಯ ಮೇಲೆ ಮಂಗಳೂರಿಗೆ ಹೋಗುವುದು. ಕಂಡಕ್ಟರ್ ಬಂದ. ಎಲೆಯಡಿಕೆ ಚೀಲದ ಬಾಯಿ ಬಿಡಿಸುತ್ತ ಅಜ್ಜಿಯೇ ಹೇಳಿದಳು:

“ಕಾಪುವಿಗೆ ಒಂದು, ಒಂದು ಅರ್ಧ. ಪಡುಬಿದ್ರಿಗೆ ಒಂದು.”

ಮಾಮಿ ಅವಳ ಮುಖ ನೋಡಿದಳು. “ನನ್ನ ಸೀರೆಗಳೆಲ್ಲ ಅಲ್ಲೇ ಉಂಟು” ಎಂದಳು.

“ಬೊಜ್ಜಕ್ಕೆ ಬರುತ್ತೀಯಲ್ಲ. ಆಗ ತೆಗೆದುಕೊಂಡು ಹೋಗು.”

ಕಾಪುವಿನಲ್ಲಿ ನಾವಿಬ್ಬರು ಇಳಿದೆವು. ಮಾಮಿ ಕಿಟಕಿಯ ಬದಿಗೆ ಸರಿದು ನನ್ನ ತಲೆ ಮುಟ್ಟಿದಳು. ಬಸ್ಸು ಹೊರಟಿತು.

ಆಣೆಯ ನಾಣ್ಯಗಳು ಸಂತೆಯಿಂದ ಯಾವತ್ತು ಮಾಯವಾದವೋ ನನಗೆ ಗೊತ್ತಿಲ್ಲ. ನಾಲ್ಕಾಣೆ, ಎಂಟಾಣೆ ಎಂಬ ಮಾತು ಬಾಯಲ್ಲಿ ಎಷ್ಟೋ ವರ್ಷ ಉಳಿಯಿತು. ನಯಾಪೈಸೆಯ ನಯಾ ಕೂಡ ಒಂದು ದಿನ ಬಿದ್ದುಹೋಗಿ ಬರೀ ಪೈಸೆ ಆಯಿತು, ಈಗ ಆ ಪೈಸೆಯೂ ಇಲ್ಲ. ಹೀಗೆ ಮೆಲ್ಲನೆ ಹೋದದ್ದು ಹೋದ ಹಾಗೆ ಕಾಣಿಸುವುದಿಲ್ಲ. ಒಂದೇ ದಿನ ಹೋದದ್ದು ಮಾತ್ರ ಲೆಕ್ಕಕ್ಕೆ ಸಿಗುತ್ತದೆ.

ಮಾಮಿಗೆ ಮದುವೆಯಾಯಿತು. ಮರುವರ್ಷ ಅಷ್ಟಮಿಯ ಹೊತ್ತಿಗೆ ಗಂಡನ ಜೊತೆ ನಮ್ಮನ್ನು ನೋಡಲು ಬಂದಳು. ಅಜ್ಜಿ ಜಗಲಿಯಲ್ಲಿ ಚಾಪೆ ಹಾಸಿ, ಹೊರಗಿನಿಂದ ಬಂದವರಿಗೆ ಕೊಡುವಂತೆ ಬೆಲ್ಲ, ನೀರು ಕೊಟ್ಟಳು. ಕುಡಿದು ಮುಗಿಸಿದ ಮಾಮಿ ಚೊಂಬು ಹಿಡಿದು ಎದ್ದು, ಅಭ್ಯಾಸಬಲದಿಂದ ಅಡಿಗೆಮನೆಯ ಕಡೆ ಎರಡು ಹೆಜ್ಜೆ ಇಟ್ಟಳು.

“ಅಲ್ಲೇ ಇಡು ಮಗಾ” ಎಂದಳು ಅಜ್ಜಿ. “ನಾವು ತೆಗೆಯುತ್ತೇವೆ.”