ಎಣ್ಣೆ ಹಾಕದ ಮುಖ

ಹುಣಸೆಹಣ್ಣು ಹಚ್ಚಿ ಹಿತ್ತಾಳೆಯ ದೀಪ ತಿಕ್ಕುತ್ತಿದ್ದೆ. ಹಳೆಯ ಎಣ್ಣೆಯ ಜಿಡ್ಡು ಕಮಟು ವಾಸನೆಯೊಡನೆ ಬೆರಳಿಗೆ ಮೆತ್ತಿಕೊಳ್ಳುತ್ತಿದ್ದಾಗಲೇ ಫೋನು ಬಂತು. ನಾಗವೇಣಿ, ಕಾಲೇಜಿನಲ್ಲಿ ನನ್ನ ಜೊತೆ ಓದಿದವಳು. ಅವಳು ಕೇಳಿದ್ದೇನೆಂದು ಆಮೇಲೆ ಹೇಳುತ್ತೇನೆ. ಮೊದಲು ಹಿನ್ನೆಲೆ ಆಗಬೇಕು. ಇತಿಹಾಸ ಓದಿದವರ ಚಾಳಿಯೇ ಇದು. ನೀರು ಕೇಳಿದವರಿಗೂ ಬಾವಿ ತೋಡಿದ ಕಥೆ ಹೇಳಿಯೇ ಚೊಂಬು ಕೊಡುತ್ತೇವೆ.

ಹೊನ್ನಾವರದ ಆ ಚಿಕ್ಕ ಕಾಲೇಜಿನಲ್ಲಿ ಇತಿಹಾಸವನ್ನು ಮೇಜರ್ ಆಗಿ ತೆಗೆದುಕೊಂಡವರು ನಾವು ಮೂವರೇ: ತದಡಿ ಕಡೆಯ ನಾಗವೇಣಿ, ಭಟ್ಕಳದಿಂದ ಬಸ್ಸಿನಲ್ಲಿ ಬರುತ್ತಿದ್ದ ಇಮ್ರಾನ್ ಮತ್ತು ನಾನು. ನಾನು ಯಾಕೆ ತೆಗೆದುಕೊಂಡೆ ಎಂದು ಕೇಳಬೇಡಿ. ಕಾಮರ್ಸ್ ಕೋಣೆಯಲ್ಲಿ ಸೆಕೆ ಹೆಚ್ಚು ಎಂದು ಯಾರೋ ಹೇಳಿದ್ದರು. ಇಬ್ಬರ ನಡುವೆ ಕೂತರೆ ಪ್ರಶ್ನೆ ತಪ್ಪೀತೆಂದು ಸದಾ ನಡುವೆಯೇ ಕೂರುತ್ತಿದ್ದೆ, ಆದರೆ ಮೂವರ ತರಗತಿಯಲ್ಲಿ ಪಾಠ ಹೇಳುವ ಮೇಡಂ ಕಣ್ಣು ಮೊದಲು ಬೀಳುವುದೇ ನಡುವಿನವರ ಮೇಲೆ.

ಎರಡನೆಯ ವರ್ಷದ ಕೊನೆಗೆ ನಾಗವೇಣಿ ಬಂದು, "ನಾ ಇನ್ ಬರೂದಿಲ್ಲ," ಎಂದಳು. ಕುಮಟೆಯ ಬಟ್ಟೆ ಅಂಗಡಿಯಲ್ಲಿ ಅವಳಿಗೆ ಕೆಲಸ ಗೊತ್ತಾಗಿತ್ತು. ಮನೆಯಲ್ಲಿ ಅಜ್ಜಿಯ ಮಾತೇ ಕಡೆ ಮಾತು. ಅಜ್ಜಿಯ ಪ್ರಕಾರ ಸತ್ತವರ ಕಥೆ ಓದಿದರೆ ಗಂಜಿ ಬೇಯುವುದಿಲ್ಲ. ಇತ್ತ ಪ್ರಿನ್ಸಿಪಾಲರು, ಮೂವರಿಗಿಂತ ಕಡಿಮೆಯಾದರೆ ಮೇಜರನ್ನೇ ಮುಚ್ಚಿ ಉಳಿದವರನ್ನು ಬೇರೆ ವಿಷಯಕ್ಕೆ ಹಾಕುವುದಾಗಿ ಹೇಳಿಬಿಟ್ಟಿದ್ದರು. ಮೇಡಂ ಅತಿಥಿ ಉಪನ್ಯಾಸಕಿ. ಅವರ ಅನ್ನವೂ ಅದರಲ್ಲೇ ಇತ್ತು. "ಅಜ್ಜಿಯನ್ನ ನಾನೇ ಕಂಡು ಮಾತಾಡ್ತೆ," ಎಂದು ಅವರು ನಮ್ಮೆಲ್ಲರನ್ನೂ ಹೊರಡಿಸಿದರು.

ನಾಗವೇಣಿಯ ಕೇರಿಯ ತುದಿಯಲ್ಲಿ, ಹೊನ್ನೆ ಮರದ ಬುಡದಲ್ಲಿ ಒಂದು ಮಾಸ್ತಿ ಕಲ್ಲಿತ್ತು. ನಮ್ಮ ಕಡೆ ಅದು ಊರು ಕಾಯುವ ಅಮ್ಮ. ತಲೆಮಾರುಗಳಿಂದ ಸುರಿದ ಎಣ್ಣೆಯಿಂದ ಅದು ಕರಿಯ ಮುದ್ದೆಯಾಗಿತ್ತು. ಅಜ್ಜಿ ಮೀನು ಮಾರಲು ಹೋಗಿದ್ದಳು. ಬರುವವರೆಗೆ ಸುಮ್ಮನೆ ಕೂರುವುದೇಕೆ, ಅಕ್ಷರವಿದ್ದರೆ ಒದ್ದೆ ಕಾಗದ ಒತ್ತಿ ಪಡಿಯಚ್ಚು ತೆಗೆಯೋಣ ಎಂದರು ಮೇಡಂ. ಕಾಗದ ಅಂಟಬೇಕಾದರೆ ಮೊದಲು ಕಲ್ಲನ್ನು ಚೆನ್ನಾಗಿ ತೊಳೆಯಬೇಕೆಂದು ನಮ್ಮ ಪುಸ್ತಕದಲ್ಲಿತ್ತು. ಕಲ್ಲಿಗೆ ನಡೆದುಕೊಳ್ಳುವವರನ್ನು ಕೇಳಬೇಕೆಂದು ಇರಲಿಲ್ಲ. ಇಮ್ರಾನ್ ನೀರು ಸೇದಿ ತಂದ, ನಾನೂ ನಾಗವೇಣಿಯೂ ಸೋಪಿನ ಪುಡಿ ಹಾಕಿ ಬ್ರಷ್ಷಿನಿಂದ ತಿಕ್ಕಿದೆವು. ಎಣ್ಣೆ, ಕುಂಕುಮ, ಮಸಿ ಎಲ್ಲ ಕರಗಿ ಹರಿದು ಹೋಯಿತು. ಕೆಳಗೆ ಒಂದೇ ಒಂದು ಅಕ್ಷರವಿರಲಿಲ್ಲ.

ಅಷ್ಟರಲ್ಲಿ ಖಾಲಿ ಬುಟ್ಟಿ ಹೊತ್ತ ಅಜ್ಜಿ ಬಂದಳು.

"ಯಾರ ಕೇಳಿ ತೊಳದ್ರಿ?"

"ತಪ್ಪಾಯ್ತು ಅಮ್ಮಾ. ಅಕ್ಷರ ಇರ್ಬಹುದು ಅಂತ…" ಎಂದರು ಮೇಡಂ.

"ಸಿಕ್ತಾ?"

"ಇಲ್ಲ."

ಮೇಜರಿನ ಕಥೆ ಇಲ್ಲಿಗೆ ಮುಗಿಯಿತೆಂದು ನಾನು ಮನಸ್ಸಿನಲ್ಲೇ ಕಾಮರ್ಸ್ ಕೋಣೆಯ ಸೆಕೆಗೆ ಸಿದ್ಧವಾದೆ. ಆದರೆ ಅಜ್ಜಿ ಬುಟ್ಟಿ ಇಳಿಸಿ ಕಲ್ಲಿನ ಹತ್ತಿರ ಕೂತಳು. ಮದುವೆಯಾಗಿ ಬಂದಂದಿನಿಂದ ಎಣ್ಣೆ ಹಾಕಿದವಳು, ಆ ಮುಖ ಕಂಡದ್ದು ಅವತ್ತೇ ಮೊದಲು. ಎತ್ತಿದ ಕೈ, ಕೈತುಂಬ ಬಳೆ, ಮೂಗು ಸವೆದ ಪುಟ್ಟ ದುಂಡು ಮುಖ.

"ಇದು ಹೆಂಗ್ಸಲ್ದಾ? ಇವಳಿಗೆ ಎಂತ ಆಗಿತ್ತು?"

ಮೇಡಂ ಸುಳ್ಳು ಹೇಳಲಿಲ್ಲ. "ಗಂಡ ಸತ್ತಾಗ ಅವನ ಚಿತೆಯಲ್ಲೇ ಸತ್ತವಳು. ಮುತ್ತೈದೆಯಾಗೇ ಹೋದ್ಲು ಅಂತ ಬಳೆ ಕೆತ್ತಿದಾರೆ."

ಅಜ್ಜಿ ತನ್ನ ಬರಿಗೈಯನ್ನೊಮ್ಮೆ ನೋಡಿಕೊಂಡಳು. "ನನ್ ಗಂಡನ್ನ ಸಮುದ್ರ ತಕಂಡೋತು. ಸೂತಕ ಕಳದ ಮರುದಿನ ನಾ ಬುಟ್ಟಿ ಹೊತ್ತೆ. ಇವಳಿಗೆ ಮಕ್ಕಳಿದ್ವಾ?"

"ಗೊತ್ತಿಲ್ಲ."

"ಹೆಸ್ರು?"

"ಗೊತ್ತಿಲ್ಲ ಅಮ್ಮಾ."

"ಹೋಗ್ಲಿ, ತಾನೇ ಹೋದ್ಲಾ, ಯಾರಾದ್ರೂ ದೂಡಿದ್ರಾ?"

ಮೇಡಂ ತಲೆ ತಗ್ಗಿಸಿದರು. "ಕಲ್ಲು ನಿಲ್ಲಿಸಿದವರು ಅದನ್ನ ಹೇಳೂದಿಲ್ಲ."

ಅಜ್ಜಿ ಎದ್ದು ಮನೆಗೆ ಹೋಗಿ ಎಣ್ಣೆ ತಂದಳು. ಕಲ್ಲಿನ ಬುಡಕ್ಕೆ ಸುರಿದಳು, ಎತ್ತಿದ ಕೈಗೆ ಹಚ್ಚಿದಳು. ಮುಖದ ಹತ್ತಿರ ಬಂದು ಕೈ ನಿಲ್ಲಿಸಿದಳು. "ಮುಖಕ್ಕೆ ಬ್ಯಾಡ. ಚೂರು ಉಸ್ರಾಡ್ಲಿ." ಆಮೇಲೆ ನಾಗವೇಣಿಯ ಕಡೆ ತಿರುಗದೆಯೇ ಹೇಳಿದಳು: "ಕಾಲೇಜಿಗೆ ಹೋಗು ನೀನು. ಇವಳ ಸುದ್ದಿ ಎಂತಾರೂ ಗೊತ್ತಾದ್ರೆ ನಂಗೆ ಬಂದು ಹೇಳು."

ನನಗೆ ಬಹಳ ಸಂತೋಷವಾಯಿತು. ಅದರಲ್ಲಿ ಅರ್ಧ ಕಾಮರ್ಸ್ ತಪ್ಪಿದ್ದಕ್ಕೆ ಎಂಬುದನ್ನು ಮುಚ್ಚಿಡುವುದಿಲ್ಲ.

ಮೂವರೂ ಪಾಸಾದೆವು. ನಮ್ಮ ಹಿಂದೆ ಯಾರೂ ಸೇರದೆ ಮೇಜರ್ ಮುಚ್ಚಿತು. ಮೇಡಂ ಬೇರೆ ಊರಿಗೆ ಹೋದರು. ಇಮ್ರಾನನ ಸುದ್ದಿ ಹಬ್ಬಕ್ಕೊಂದು ಸಲ ಬರುತ್ತದೆ. ನಾಗವೇಣಿ ಶಾಲೆಯಲ್ಲಿ ಕಲಿಸುತ್ತಾಳೆ. ನಾನು ಕುಮಟೆಯಲ್ಲಿ ಮೊಳೆ, ಬಣ್ಣ, ಪೈಪು ಮಾರುತ್ತೇನೆ. ಗಿರಾಕಿಗಳು ಪೈಪು ಕೇಳಿದರೆ ಹಿನ್ನೆಲೆ ಹೇಳದಿರಲು ಪ್ರಯತ್ನಿಸುತ್ತೇನೆ. ಅಜ್ಜಿಗೆ ಹೇಳುವಂಥ ಸುದ್ದಿ ಏನೂ ಸಿಗಲಿಲ್ಲ. ಅವಳು ತೀರಿಕೊಂಡು ಕೆಲವು ವರ್ಷಗಳಾದವು.

ಈಗ ಫೋನಿನ ವಿಷಯ. ಕೇರಿಯವರು ಮಾಸ್ತಿಗೆ ಗುಡಿ ಕಟ್ಟಿಸುತ್ತಿದ್ದಾರಂತೆ. ಗೋಡೆಗೆ ಒಂದು ಫಲಕ ಬೇಕು, ಇತಿಹಾಸ ಓದಿದವಳೆಂದು ಬರೆಯುವ ಕೆಲಸ ನಾಗವೇಣಿಗೆ ಬಿದ್ದಿದೆ.

"ಈ ಅಮ್ಮನ ಮುಖಕ್ಕೆ ಎಣ್ಣೆ ಹಾಕೂದಿಲ್ಲ, ಅನಾದಿ ಕಾಲದ ಪದ್ಧತಿ ಅಂತ ಬರೀಬೇಕಂತೆ. ಹಾಕಿದವ್ರ ಕಣ್ಣು ಹೋಗ್ತದೆ ಅಂತ ಮಕ್ಕಳೆಲ್ಲ ನಂಬಿದಾವೆ. ನಮ್ಮೆದ್ರೇ ಹುಟ್ಟಿದ್ದಲ್ದಾ ಅದು? ಎಂತ ಬರೀಲಿ?"

ನಗು ಬಂತು. ನಮ್ಮ ಬ್ಯಾಚು ಇತಿಹಾಸಕ್ಕೆ ಕೊಟ್ಟ ಕೊಡುಗೆ ಅದೊಂದೇ ಇರಬೇಕು. ಆಮೇಲೆ ನಗು ನಿಂತಿತು. ಹೊಸ ಗುಡಿಯ ಗೋಡೆಯ ಮೇಲೆ ಇನ್ನೊಬ್ಬ ಹೆಂಗಸೂ ಕಾಣೆಯಾಗುತ್ತಾಳಲ್ಲ ಎನಿಸಿತು.

"ಕಲ್ಲಿನಲ್ಲಿರೋಳ ಹೆಸರು ಗೊತ್ತಾಗಲಿಲ್ಲ ಅಂತ ಬರೆ," ಎಂದೆ. "ಮುಖಕ್ಕೆ ಎಣ್ಣೆ ಬೇಡ ಅಂದದ್ದು ನಿನ್ನಜ್ಜಿ ಅಂತ್ಲೂ ಬರೆ. ಹೆಸರು ಹಾಕಿಯೇ ಬರೆ."

"ಕೇರಿಯವ್ರು ಒಪ್ಪೂದಿಲ್ಲ."

"ಒಪ್ಪದಿದ್ರೆ ಜಗಳ ಮಾಡು. ಅಜ್ಜಿ ಮೊಮ್ಮಗಳಲ್ದಾ ನೀನು?"

"ಆತು, ಬರೀತೆ," ಎಂದಳು.

ಆಗ ನನಗೆ ಹೊಳೆಯಿತು. ಅವಳ ಮನೆಯಲ್ಲಿ ಎಷ್ಟೋ ಸಲ ಉಂಡಿದ್ದೇನೆ; ಆ ಮುದುಕಿಯನ್ನು ಅಜ್ಜಿ ಎಂದಲ್ಲದೆ ಬೇರೆ ಕರೆದದ್ದಿಲ್ಲ, ಹೆಸರು ಕೇಳಿದ್ದೂ ಇಲ್ಲ.

"ನಾಗವೇಣಿ, ಅಜ್ಜಿ ಹೆಸರು ಎಂತ?"

ಹೇಳಿದಳು. ದೀಪ ಅರ್ಧ ಮಾತ್ರ ಹೊಳೆಯುತ್ತಿತ್ತು. ಮತ್ತೆ ತಿಕ್ಕಲು ಕೂರುವ ಮೊದಲು, ಮರೆತುಹೋದೀತೆಂದು, ಜಿಡ್ಡುಗೈಯಲ್ಲೇ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟೆ: ಸೋಮಿ.